ಕೆಂಪು ದ್ರವ, ಹಸಿರು ದ್ರವ: ಸಿಟ್ರೊಯೆನ್ ಡಿಎಸ್ ಕಾರಿನ ಬ್ರೇಕ್ ಆಯಿಲ್

ಹಳೆಯ ಕಾರಿಗೆ ಯಾವ ಬ್ರೇಕ್ ಆಯಿಲ್ ಹಾಕಬೇಕೆಂಬುದನ್ನು ಡಬ್ಬಿಯ ಮೇಲಿನ ಗುಣಮಟ್ಟಕ್ಕಿಂತ ಮೊದಲು ಆ ಕಾರಿನೊಳಗಿನ ರಬ್ಬರ್ ಸೀಲುಗಳೇ ನಿರ್ಧರಿಸುತ್ತವೆ. 1920ರ ದಶಕದಲ್ಲಿ ಹೈಡ್ರಾಲಿಕ್ ಬ್ರೇಕು, ಅಂದರೆ ಪೆಡಲಿನ ಒತ್ತಡವನ್ನು ದ್ರವದ ಮೂಲಕ ಚಕ್ರಕ್ಕೆ ಮುಟ್ಟಿಸುವ ಏರ್ಪಾಡು, ಕಾರುಗಳಲ್ಲಿ ನೆಲೆಗೊಳ್ಳತೊಡಗಿದಾಗ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿದ ದ್ರವವನ್ನು ಬಳಸಲಾಗುತ್ತಿತ್ತು. ಪೆಟ್ರೋಲಿಯಂ ಎಣ್ಣೆ ತಗಲಿದರೆ ಉಬ್ಬಿ ಮೆತ್ತಗಾಗುವ ಸಹಜ ರಬ್ಬರು ಹರಳೆಣ್ಣೆಯಲ್ಲಿ ಕೆಡದೆ ಉಳಿಯುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ.

ಈ ನಂಟಿನ ಮಹತ್ವವನ್ನು ಫ್ರಾನ್ಸಿನ ಸಿಟ್ರೊಯೆನ್ ಡಿಎಸ್‌ನಷ್ಟು ಸ್ಪಷ್ಟವಾಗಿ ತೋರಿಸುವ ಕಾರು ವಿರಳ. 1955ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿಗೆ ಪಾಲ್ ಮಜೆಸ್ ರೂಪಿಸಿದ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ ಮೂರೂ ಒಂದೇ ದ್ರವವನ್ನು ಅವಲಂಬಿಸಿದ್ದುದರಿಂದ, ಆ ದ್ರವ ಕೆಟ್ಟರೆ ಇಡೀ ಕಾರೇ ಕೈಕೊಡುತ್ತಿತ್ತು. ಆರಂಭದಲ್ಲಿ ಸಸ್ಯಮೂಲದ ದ್ರವವಿತ್ತು. ಬಳಿಕ ಎಲ್‌ಎಚ್‌ಎಸ್ ಎಂಬ ಸಂಶ್ಲೇಷಿತ ಕೆಂಪು ದ್ರವ ಬಂದಿತು. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣ ಅದಕ್ಕಿದ್ದುದರಿಂದ, ಕೂದಲೆಳೆಗಿಂತಲೂ ಕಿರಿದಾದ ಸಂದಿನಲ್ಲಿ ಜಾರಬೇಕಿದ್ದ ಪಿಸ್ಟನ್ನುಗಳಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತಿತ್ತು. ಹೊರಗೆ ಸೋರಿದರೆ ಬಣ್ಣವೂ ಏಳುತ್ತಿತ್ತು.

1966ರಲ್ಲಿ ಬಂದ ಎಲ್‌ಎಚ್‌ಎಂ ಎಂಬ ಹಸಿರು ದ್ರವವು ಖನಿಜ ತೈಲವಾಗಿದ್ದು, ತೇವವನ್ನು ಹೀರಿಕೊಳ್ಳದೆ ಲೋಹವನ್ನು ಕಾಪಾಡಿತು. ಡಿಎಸ್‌ನ ದೀರ್ಘ ಬಾಳಿಕೆಗೆ ಅದರ ಹೆಸರಾಂತ ವಿನ್ಯಾಸಕ್ಕಿಂತ ಈ ಬದಲಾವಣೆಯೇ ಹೆಚ್ಚು ನೆರವಾಯಿತೆಂದರೆ ಅತಿಶಯವಾಗದು. ಆದರೆ ಅದಕ್ಕೆ ಬೇರೆಯೇ ಬಗೆಯ ರಬ್ಬರ್ ಬೇಕಿತ್ತು. ಕೆಂಪು ದ್ರವದ ಸೀಲುಗಳು ಹಸಿರು ದ್ರವದಲ್ಲಿ ಹಾಳಾಗುತ್ತವೆ, ಹಸಿರು ದ್ರವದವು ಕೆಂಪಿನಲ್ಲಿ ಬಾಳುವುದಿಲ್ಲ. ಆದ್ದರಿಂದಲೇ ಕಂಪನಿಯು ಹೊಸ ವ್ಯವಸ್ಥೆಯ ಬಿಡಿಭಾಗಗಳಿಗೆ ಹಸಿರು ಬಣ್ಣ ಬಳಿದು ಗುರುತಿಸಿತು. ಇಂದು ಬಾನೆಟ್ ಎತ್ತಿದವರು ಮೊದಲು ನೋಡಬೇಕಾದುದು ಈ ಬಣ್ಣವನ್ನೇ. ತಯಾರಿಕೆಯ ವರ್ಷವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಖನಿಜ ದ್ರವಕ್ಕೆ ಅಮೆರಿಕದ ಸರ್ಕಾರ ಒಪ್ಪಿಗೆ ನೀಡಿದ್ದು 1969ರಲ್ಲಿ. ಅಲ್ಲಿಯವರೆಗೆ ಆ ದೇಶಕ್ಕೆ ಹೋದ ಕಾರುಗಳಲ್ಲಿ ಕೆಂಪು ದ್ರವವೇ ಮುಂದುವರಿದಿತ್ತು.

ಈಗ ಸುಲಭವಾಗಿ ಸಿಗುವ ಡಾಟ್ 3 ಮತ್ತು ಡಾಟ್ 4 ದ್ರವಗಳು ಗ್ಲೈಕಾಲ್ ಮೂಲದವು. ಅಮೆರಿಕದ ಮಾನಕದಂತೆ ಇವು ಹೊಸದಿದ್ದಾಗ ಕ್ರಮವಾಗಿ 205 ಮತ್ತು 230 ಡಿಗ್ರಿ ಸೆಲ್ಸಿಯಸ್‌ಗಿಂತ ಮೊದಲು ಕುದಿಯಬಾರದು. ಕುದಿಬಿಂದು ಹೆಚ್ಚೆಂಬ ಕಾರಣಕ್ಕೆ ಇವನ್ನು ಹಸಿರು ವ್ಯವಸ್ಥೆಗೆ ಸುರಿದರೆ ಸೀಲುಗಳು ಕೆಟ್ಟು ಬ್ರೇಕೇ ವಿಫಲವಾಗಬಹುದು. ಕೆಂಪು ಕಾರನ್ನು ಹಸಿರಿಗೆ ಬದಲಾಯಿಸಬಯಸುವವರು ಹಳೆಯ ದ್ರವವನ್ನು ಬಸಿದರೆ ಸಾಲದು. ಪಂಪು, ಸಿಲಿಂಡರು, ಕೊಳವೆಗಳನ್ನು ಬಿಚ್ಚಿ ತೊಳೆದು, ಪ್ರತಿಯೊಂದು ಸೀಲನ್ನೂ ಹೊಸ ಬಗೆಯ ರಬ್ಬರಿಗೆ ಬದಲಿಸಬೇಕಾಗುತ್ತದೆ.