ಚೆಸಪೀಕ್ ಕೊಲ್ಲಿಯ ಕಲ್ಮಷ ಮತ್ತು ಅಳತೆಯ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಪೂರ್ವತೀರದಲ್ಲಿರುವ ಚೆಸಪೀಕ್ ಕೊಲ್ಲಿಯು ಸಿಂಪಿಗಳಿಗೂ ನೀಲಿ ಏಡಿಗಳಿಗೂ ಬಹುಕಾಲದಿಂದ ಹೆಸರಾದುದು. ಆರು ಸಂಸ್ಥಾನಗಳಲ್ಲಿಯೂ ವಾಷಿಂಗ್ಟನ್ ನಗರದಲ್ಲಿಯೂ ಹರಡಿರುವ ಸುಮಾರು 64,000 ಚದರ ಮೈಲಿ ನೆಲದ ಮಳೆನೀರು ಇದನ್ನು ಬಂದು ಸೇರುತ್ತದೆ. ಆ ನೀರಿನೊಡನೆ ಹೊಲದ ಗೊಬ್ಬರ, ಕೊಟ್ಟಿಗೆಯ ಸಗಣಿ, ಬೀದಿಯ ಕೊಳೆ, ಮೇಲ್ಮಣ್ಣು ಇವೆಲ್ಲವೂ ಬರುತ್ತವೆ. ಇವುಗಳಲ್ಲಿರುವ ಸಾರಜನಕ ರಂಜಕಗಳಿಂದ ಪಾಚಿ ಹಬ್ಬುವುದು. ಅದು ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ತೀರಿ ಜಲಚರಗಳು ನಾಶವಾಗುವುವು. ಈ ಹರಿವನ್ನು ತಗ್ಗಿಸಲು ನಡೆದ ಯತ್ನಗಳ ಚರಿತ್ರೆಯನ್ನು ಪರಿಶೀಲಿಸಿದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಎಣಿಸಬೇಕಾದುದು ಮಾಡಿದ ಕೆಲಸವನ್ನೋ, ಅಳೆಯಬೇಕಾದುದು ನೀರನ್ನೋ?

1972ನೆಯ ಇಸವಿಯನ್ನು ಈ ಚರಿತ್ರೆಯ ಆರಂಭವೆನ್ನಬಹುದು. ಆ ಜೂನ್ ತಿಂಗಳಲ್ಲಿ ಆಗ್ನೆಸ್ ಎಂಬ ಚಂಡಮಾರುತವು ಅಪಾರವಾದ ಹೂಳನ್ನು ಕೊಲ್ಲಿಗೆ ತಂದು ಸುರಿದು, ನೀರೊಳಗಿನ ಹುಲ್ಲನ್ನೂ ಸಿಂಪಿಗಳನ್ನೂ ಹಾಳುಮಾಡಿತು. ಅದೇ ವರ್ಷದ ಶುದ್ಧಜಲ ಶಾಸನವು ಕೊಳವೆಗಳ ಮೂಲಕ ಹೊರಬೀಳುವ ಕಲ್ಮಷಕ್ಕೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಮೇರಿಲೆಂಡಿನ ಸೆನೆಟರ್ ಚಾರ್ಲ್ಸ್ ಮಥಾಯಸರ ಪ್ರಯತ್ನದಿಂದ 1976ರಲ್ಲಿ ಕೊಲ್ಲಿಯ ಅಧ್ಯಯನವು ಮೊದಲಾಯಿತು. ಅದರ ಫಲವಾಗಿ 1983ರ ಡಿಸೆಂಬರ್ 9ರಂದು ಮೇರಿಲೆಂಡ್, ವರ್ಜೀನಿಯಾ, ಪೆನ್ಸಿಲ್ವೇನಿಯಾಗಳೂ ವಾಷಿಂಗ್ಟನ್ ನಗರವೂ ಕೇಂದ್ರ ಸರ್ಕಾರದೊಡನೆ ಮೊದಲ ಒಪ್ಪಂದವನ್ನು ಮಾಡಿಕೊಂಡವು.

ಕೊಳವೆಯ ಕಲ್ಮಷವು ಅಳತೆಗೆ ಸುಲಭವಾಗಿ ಸಿಕ್ಕಿತು. ಅದರ ಬಾಯಲ್ಲಿ ನಿಂತು ನೀರನ್ನು ಪರೀಕ್ಷಿಸಬಹುದು. 1985ರಲ್ಲಿ ಮೇರಿಲೆಂಡ್ ಸಂಸ್ಥಾನವು ರಂಜಕವುಳ್ಳ ಬಟ್ಟೆ ಒಗೆಯುವ ಪುಡಿಯನ್ನು ನಿಷೇಧಿಸಲು, ಚರಂಡಿ ನೀರಿನ ರಂಜಕವು ಇಳಿದುದು ಬೇಗನೆ ಕಂಡುಬಂದಿತು. ಮುಂದೆ ಚರಂಡಿ ನೀರಿನ ಶುದ್ಧೀಕರಣಾಲಯಗಳು 2025ಕ್ಕೆಂದು ಗೊತ್ತುಮಾಡಿದ್ದ ಮಿತಿಯನ್ನು ಸುಮಾರು ಹತ್ತು ವರ್ಷ ಮೊದಲೇ ಮುಟ್ಟಿದವು.

ಹೊಲದ ಹರಿವಿನ ವಿಷಯ ಹಾಗಲ್ಲ. ಅದಕ್ಕೆ ಬಾಯಿಯೆಂಬುದೇ ಇಲ್ಲ. ಹೊಳೆಯ ದಡದಲ್ಲಿ ಮರಗಳ ಸಾಲು, ಚಳಿಗಾಲದಲ್ಲಿ ಹೊದಿಕೆ ಬೆಳೆ, ಸಗಣಿಯನ್ನು ಕೂಡಿಡುವ ಕಟ್ಟಡ ಇವೇ ಮುಂತಾದ ಉಪಾಯಗಳಿಗೆ ಇಂತಿಷ್ಟು ಪೌಂಡಿನ ಇಳಿತವೆಂದು ಗಣಿತದ ಮಾದರಿಯಲ್ಲಿ ಲೆಕ್ಕ ಹಿಡಿಯಲಾಯಿತು. ಸಾರಜನಕ ರಂಜಕಗಳನ್ನು 2000ನೆಯ ಇಸವಿಯೊಳಗೆ ನೂರಕ್ಕೆ 40ರಷ್ಟು ತಗ್ಗಿಸಬೇಕೆಂದು 1987ರ ಒಪ್ಪಂದವು ವಿಧಿಸಿದ್ದಿತು. ಆ ಗುರಿಯು ಕೈಗೂಡಲಿಲ್ಲ. ಅಳೆದ ಅಂಕಿಗಳು, ಮಾಡಿದ ಕೆಲಸಗಳು, ಮಾದರಿಯ ಊಹೆಗಳು ಇವು ಮೂರನ್ನೂ ಬೆರಸಿದುದರಿಂದ ಕೊಲ್ಲಿಯ ವರದಿಗಳ ವಿಶ್ವಾಸಾರ್ಹತೆಗೆ ಕುಂದುಂಟಾಗಿದೆಯೆಂದು 2005ರಲ್ಲಿ ಕೇಂದ್ರ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯು ಆಕ್ಷೇಪಿಸಿತು.

ಹಾಗೆಂದು ಮಾದರಿಯನ್ನು ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹೊಳೆಗಳನ್ನು ಸೇರುವ ಸಾರಜನಕದ ಬಹುಭಾಗವು ಅಂತರ್ಜಲದ ಮಾರ್ಗವಾಗಿ ನಿಧಾನವಾಗಿ ಸಾಗಿಬರುತ್ತದೆ. ಕೆಲವೆಡೆ ಈ ಪ್ರಯಾಣಕ್ಕೆ ದಶಕಗಳೇ ಬೇಕು. ಆದುದರಿಂದ ಇಂದು ಅಳೆಯುವ ನೀರಿನಲ್ಲಿ ಹಿಂದಿನ ತಲೆಮಾರಿನ ಗೊಬ್ಬರವೂ ಇರಬಹುದು. ಇದಲ್ಲದೆ, 1928ರಲ್ಲಿ ಸಸ್ಕ್ವಿಹಾನ ನದಿಗೆ ಕಟ್ಟಿದ ಕೊನೊವಿಂಗೊ ಅಣೆಕಟ್ಟೆಯು ಬಹುಕಾಲ ಹೂಳನ್ನು ತಡೆದಿದ್ದಿತು. ಅದರ ಜಲಾಶಯವು ಬಹುಮಟ್ಟಿಗೆ ತುಂಬಿದ ಮೇಲೆ ಆ ರಕ್ಷಣೆಯೂ ಕುಗ್ಗಿತು.

2010ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸಾರಜನಕಕ್ಕೆ ವರ್ಷಕ್ಕೆ 18.59 ಕೋಟಿ ಪೌಂಡುಗಳ ಮಿತಿಯನ್ನು ಹಾಕಿ, ಬೇಕಾದ ಕ್ರಮಗಳೆಲ್ಲವೂ 2025ರೊಳಗೆ ಜಾರಿಯಾಗಬೇಕೆಂದಿತು. ಗಡುವು ತೀರಿದಾಗ ಗುರಿಯು ಪೂರ್ಣವಾಗಿ ಈಡೇರಿರಲಿಲ್ಲ. ಹೊಲದ ಹರಿವನ್ನು ತಡೆಯುವ ಕಾರ್ಯಗಳ ಫಲವು ನಿರೀಕ್ಷಿಸಿದುದಕ್ಕಿಂತ ಕಡಮೆಯೆಂದೂ, ಕೆಲಸಕ್ಕೆ ಹಣ ಕೊಡುವ ಬದಲು ಫಲಕ್ಕೆ ಕೊಡುವುದನ್ನು ಪರಿಶೀಲಿಸಬೇಕೆಂದೂ ವಿಜ್ಞಾನಿಗಳ ಸಮಿತಿಯು 2023ರಲ್ಲಿಯೇ ತಿಳಿಸಿದ್ದಿತು. ಆದರೂ ಯತ್ನವೆಲ್ಲವೂ ವ್ಯರ್ಥವಾಯಿತೆನ್ನಲಾಗದು. 1984ರಿಂದೀಚೆಗೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ ನೀರೊಳಗಿನ ಹುಲ್ಲು ಸಾವಿರಾರು ಎಕರೆಗಳಲ್ಲಿ ಮರಳಿ ಹಬ್ಬಿದುದು ಕಂಡುಬಂದಿದೆ.

ಜನರೂ ತಮ್ಮದೊಂದು ಅಳತೆಯನ್ನು ಕಂಡುಕೊಂಡರು. ಪಟಕ್ಸೆಂಟ್ ನದಿಯ ದಡದಲ್ಲಿ ಬೆಳೆದ ಮೇರಿಲೆಂಡಿನ ಶಾಸಕ ಬರ್ನಿ ಫೌಲರ್ 1988ರಿಂದ ಪ್ರತಿ ಜೂನ್ ತಿಂಗಳಲ್ಲಿಯೂ ಬಿಳಿಯ ಬೂಟುಗಳನ್ನು ತೊಟ್ಟು ನೀರಿಗಿಳಿಯುತ್ತಿದ್ದರು. ಬೂಟುಗಳು ಕಣ್ಮರೆಯಾಗುವ ಆಳವನ್ನು ಅಳೆಯುತ್ತಿದ್ದರು. ಇದು ಪ್ರಯೋಗಾಲಯದ ಸೂಕ್ಷ್ಮ ಪರೀಕ್ಷೆಗೆ ಸಮವಲ್ಲ. ಆದರೆ ಇಲ್ಲಿ ಅಳೆದುದು ನೀರನ್ನೇ ಹೊರತು ಕೆಲಸದ ಪಟ್ಟಿಯನ್ನಲ್ಲ. ಸರ್ಕಾರದ ಕಡತವು ಏನನ್ನು ಮಾಡಿದರೆಂಬುದಕ್ಕೆ ಸಾಕ್ಷಿ. ಏನಾಯಿತೆಂಬುದಕ್ಕೆ ಬೇರೊಂದು ಸಾಕ್ಷಿ ಬೇಕು. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಈ ವಿವೇಕವು ಹೊಸದಲ್ಲ. ಕೊಲ್ಲಿಯ ರಕ್ಷಕರು ಇದನ್ನು ಅರಿಯಲು ನಾಲ್ಕು ದಶಕಗಳೇ ಹಿಡಿದವು.