ಮುಪ್ಪಿನ ಮಿದುಳು ಮತ್ತು ಶಕ್ತಿಯ ಕೊರತೆ: ನಿಮ್ಹಾನ್ಸ್ ಅಧ್ಯಯನವೊಂದರ ಮರುಪರಿಶೀಲನೆ

ಸೊಲ್ಲಾಪುರ–ಅಕ್ಕಲಕೋಟೆ ರಸ್ತೆಯ ಕುಂಭಾರಿ ಕಡೆಯ ಹಿರಿಯರು ‘ವಯಸ್ಸಾತು, ತಲಿ ಓಡವಲ್ದು’ ಎನ್ನುವಾಗ ಇಡೀ ಮಿದುಳು ಒಂದೇ ಸಮನೆ ಬಳಲಿದೆ ಎಂದೇ ಎಣಿಸಿರುತ್ತಾರೆ. ಜೀವಕೋಶದ ಮಟ್ಟದಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ಮುಪ್ಪು ಮಿದುಳಿನ ಕೆಲವು ಭಾಗಗಳನ್ನು ಬೇಗ ಹಿಡಿಯುತ್ತದೆ, ಕೆಲವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ದೇಹತೂಕದ ಶೇ. 2ರಷ್ಟಿರುವ ಮಿದುಳು, ವಿಶ್ರಾಂತಿಯಲ್ಲೂ ದೇಹದ ಶಕ್ತಿಯ ಸುಮಾರು ಶೇ. 20ನ್ನು ಬಳಸುತ್ತದೆ. ಅದರ ದೊಡ್ಡ ಪಾಲು ಸೋಡಿಯಂ, ಪೊಟ್ಯಾಸಿಯಂ ಅಯಾನುಗಳನ್ನು ಕೋಶಪೊರೆಯ ಆಚೀಚೆ ಸಾಗಿಸುವುದಕ್ಕೇ ಹೋಗುತ್ತದೆ. ನರಕೋಶಕ್ಕೆ ಕೂಡಿಟ್ಟ ದಾಸ್ತಾನು ಇಲ್ಲವೆನ್ನಬಹುದು. ಇರುವ ಅಲ್ಪ ಗ್ಲೈಕೋಜನ್ ನೆರೆಯ ಪೋಷಕ ಕೋಶಗಳಾದ ಆಸ್ಟ್ರೊಸೈಟ್‌ಗಳಲ್ಲಿದೆ. ಹೀಗಾಗಿ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಕುಂಟಿದರೆ ನರಕೋಶಕ್ಕೆ ಬೇರೆ ಆಸರೆ ಕಡಿಮೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂ. ಎಂ. ಶ್ರೀನಿವಾಸ ಭರತ್, ಎಸ್. ಕೆ. ಶಂಕರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಮರಣೋತ್ತರವಾಗಿ ಪಡೆದ ಮಿದುಳುಗಳಿಂದ ನಡುಮಿದುಳಿನ ಭಾಗವಾದ ಸಬ್‌ಸ್ಟಾನ್ಷಿಯಾ ನೈಗ್ರಾದ 23, ಮಿದುಳಿನ ಒಳಭಾಗದ ಕಾಡೇಟ್ ನ್ಯೂಕ್ಲಿಯಸ್‌ನ 24 ಮಾದರಿಗಳನ್ನು ಅವರು ಪರೀಕ್ಷಿಸಿದರು. ಸಾವಿನ ನಂತರ, ಕೋಶದ ಶಕ್ತಿಯನ್ನು ಹೊರುವ ಎಟಿಪಿ ಬೇಗನೆ ಕರಗಿಹೋಗುವುದರಿಂದ ಅದನ್ನು ಅಳೆದು ಫಲವಿಲ್ಲ. ಕಿಣ್ವಗಳು ಅಷ್ಟು ಬೇಗ ಕೆಡುವುದಿಲ್ಲ. ಮೈಟೊಕಾಂಡ್ರಿಯಾದ ಮೊದಲ ಕಿಣ್ವಸಂಕೀರ್ಣ, ಅಂದರೆ ಕಾಂಪ್ಲೆಕ್ಸ್-1, ಎಷ್ಟು ಚುರುಕಾಗಿದೆ ಎಂದು ತಿಳಿಯಲು ಸಾಮಾನ್ಯವಾಗಿ 340 ನ್ಯಾನೊಮೀಟರ್ ಬೆಳಕಿನಲ್ಲಿ, ಈ ಕಿಣ್ವ ಬಳಸುವ ಎನ್‌ಎಡಿಎಚ್ ಕಡಿಮೆಯಾಗುವ ವೇಗವನ್ನು ನೋಡುತ್ತಾರೆ. ಕಾಂಪ್ಲೆಕ್ಸ್-1ನ್ನು ತಡೆಯುವ ರೊಟೆನೋನ್ ಹಾಕಿದ ಮೇಲೂ ಉಳಿಯುವ ವೇಗವನ್ನು ಅದರಿಂದ ಕಳೆಯುತ್ತಾರೆ.

ವಯಸ್ಸು ಏರಿದಂತೆ ನೈಗ್ರಾದಲ್ಲಿ ಕಾಂಪ್ಲೆಕ್ಸ್-1 ಕುಗ್ಗಿತ್ತು, ಪ್ರೋಟೀನುಗಳ ಉತ್ಕರ್ಷಣ ಹೆಚ್ಚಿತ್ತು, ಗ್ಲುಟಥಯೋನ್ ಆಧಾರಿತ ರಕ್ಷಣೆ ಸಡಿಲಗೊಂಡಿತ್ತು. ಕಾಡೇಟ್‌ನಲ್ಲಿ ಇವು ಹೆಚ್ಚುಕಡಿಮೆ ಹಾಗೇ ಇದ್ದವು. ಎರಡೂ ಡೋಪಮಿನ್ ಜಾಲದವೇ, ಒಂದೇ ರಕ್ತ ಕುಡಿಯುವವೇ; ಆದರೂ ಈ ಅಂತರ!

ಕಾರಣ ನೈಗ್ರಾದ ಕೋಶಗಳ ದುಡಿಮೆಯಲ್ಲಿದೆ ಎಂಬುದು ನನ್ನ ಓದು. ಅವು ಹೊರಗಿನ ಪ್ರಚೋದನೆ ಇಲ್ಲದೆಯೂ ಲಯಬದ್ಧವಾಗಿ ಮಿಡಿಯುತ್ತವೆ. ಪ್ರತಿ ಮಿಡಿತಕ್ಕೆ ಒಳನುಗ್ಗುವ ಕ್ಯಾಲ್ಸಿಯಂ ಅನ್ನು ಹೊರಹಾಕಲು ಎಟಿಪಿ ಬೇಕು. ಕಾಂಪ್ಲೆಕ್ಸ್-1 ತಡವರಿಸಿದಾಗ ಸೋರುವ ಎಲೆಕ್ಟ್ರಾನುಗಳು ಆಮ್ಲಜನಕವನ್ನು ಸೂಪರ್‌ಆಕ್ಸೈಡ್ ಆಗಿಸಿ ಅದೇ ಕಿಣ್ವವನ್ನು ಮತ್ತಷ್ಟು ಕೆಡಿಸುತ್ತವೆ. ವಯಸ್ಸಾದ ನೈಗ್ರಾ ನರಕೋಶಗಳಲ್ಲಿ ಮೈಟೊಕಾಂಡ್ರಿಯಾದ ಡಿಎನ್‌ಎ ತುಂಡುಗಳು ಅಳಿಸಿಹೋಗಿರುವುದನ್ನು 2006ರಲ್ಲಿ ಎರಡು ವಿದೇಶಿ ತಂಡಗಳು ತೋರಿಸಿದವು. ದೇಹದಲ್ಲಿ ರೂಪಾಂತರಗೊಂಡು ಕಾಂಪ್ಲೆಕ್ಸ್-1ನ್ನು ತಡೆಯುವ ಎಂಪಿಟಿಪಿ ಎಂಬ ವಸ್ತು ಪಾರ್ಕಿನ್ಸನ್ ಲಕ್ಷಣಗಳನ್ನು ತರುವುದು 1983ರಿಂದಲೇ ಗೊತ್ತು.

ಆದರೂ ಒಂದು ಮಿದುಳು ಒಮ್ಮೆ ಮಾತ್ರ ಅಳತೆಗೆ ಸಿಗುತ್ತದೆ. ನಲವತ್ತರವರನ್ನು ಎಂಬತ್ತರವರೊಡನೆ ಹೋಲಿಸುವುದು, ಒಬ್ಬರನ್ನೇ ನಲವತ್ತು ವರ್ಷ ಗಮನಿಸಿದಂತಲ್ಲ. ಇಪ್ಪತ್ಮೂರು ಮಾದರಿಗಳಿಂದ ಪಾರ್ಕಿನ್ಸನ್ ರೋಗದ ಕಾರಣ ಸಾಬೀತಾಗುವುದೂ ಇಲ್ಲ. ರೋಗಕ್ಕೆ ಮೊದಲೇ ವಯಸ್ಸಿನೊಡನೆ ನೈಗ್ರಾ ದುರ್ಬಲವಾಗಿರುತ್ತದೆ ಎಂಬಷ್ಟನ್ನು ಒಪ್ಪಬಹುದು.

ಮುಂದಿನ ಹೆಜ್ಜೆಗೆ, ನರರೋಗವಿಲ್ಲದೆ ಬಾಳಿದ ಹಿರಿಯರ ಮಿದುಳುಗಳು ಹೆಚ್ಚು ಬೇಕು. ಕುಂಭಾರಿಯಲ್ಲೇ ಅಶ್ವಿನಿ ಗ್ರಾಮೀಣ ವೈದ್ಯಕೀಯ ಮಹಾವಿದ್ಯಾಲಯವಿದೆ. ಇಂಥ ಗಡಿಭಾಗದ ಕಾಲೇಜುಗಳು ಮಿದುಳು ದಾನದ ತಿಳಿವಳಿಕೆ ಮತ್ತು ಒಪ್ಪಿಗೆಪತ್ರವನ್ನು ಮರಾಠಿಯ ಜೊತೆಗೆ ಕನ್ನಡದಲ್ಲೂ ಮನೆಮಂದಿಯ ಮುಂದಿಡಬೇಕು.