ಮಸೆಗಲ್ಲಿನ ಪೂರ್ವೋತ್ತರ

ಅರಸರ ಖಡ್ಗಗಳನ್ನು ಕವಿಗಳೂ ಇತಿಹಾಸಕಾರರೂ ಬಗೆಬಗೆಯಾಗಿ ಬಣ್ಣಿಸಿರುವರು. ಆ ಖಡ್ಗಗಳನ್ನು ಹರಿತಗೊಳಿಸಿದ ಕಲ್ಲನ್ನು ಕುರಿತು ಬರೆದವರು ವಿರಳ. ತಿಗನಾರೆಯಲ್ಲಿ ವಯೋವೃದ್ಧರಾದ ಕ್ಷೌರಿಕರೊಬ್ಬರು ತಮ್ಮ ತಂದೆಯ ಕಾಲದ ಹಡಪವನ್ನು ಬಿಚ್ಚಿ ತೋರಿದಾಗ ಈ ಕೊರತೆ ನಮ್ಮ ಮನಸ್ಸಿಗೆ ತಟ್ಟಿತು. ಕತ್ತಿಗೆ ತುಕ್ಕು ಹಿಡಿದಿತ್ತು. ಚರ್ಮದ ಪಟ್ಟಿ ಬಿರುಕು ಬಿಟ್ಟಿತ್ತು. ಅಂಗೈಯಗಲದ ಮಸೆಗಲ್ಲು ಮಾತ್ರ ಕನ್ನಡಿಯಂತೆ ಸಮನಾಗಿ ಉಳಿದಿತ್ತು. “ಕತ್ತೀನ ದುಡ್ಡು ಕೊಟ್ಟು ತರಬೌದು ಮೇಷ್ಟ್ರೇ, ಕಲ್ಲನ್ನ ನೋಡಿ ಆರಿಸ್ಬೇಕು” ಎಂದರು ಆ ಹಿರಿಯರು. ಆ ಒಂದು ಮಾತೇ ಈ ಲೇಖನಕ್ಕೆ ಬೀಜವಾಯಿತು.

‘ಮಸೆ’ ಎಂಬುದು ಅಚ್ಚಗನ್ನಡ ಧಾತು. ಕತ್ತಿಯನ್ನು ಮಸೆಯುತ್ತೇವೆ, ಸಿಟ್ಟು ಬಂದರೆ ಹಲ್ಲನ್ನೂ ಮಸೆಯುತ್ತೇವೆ. ‘ಸಾಣೆ’ಯು ಸಂಸ್ಕೃತದ ‘ಶಾಣ’ ಶಬ್ದದ ತದ್ಭವ. ನೆರೆಯ ತಮಿಳರು ಅದನ್ನೇ ‘ಸಾಣೈ’ ಎನ್ನುವರು. ಕಠೋಪನಿಷತ್ತು ಆತ್ಮಜ್ಞಾನದ ದಾರಿಯನ್ನು ಕ್ಷುರದ ಧಾರೆಗೆ ಹೋಲಿಸುವಾಗ ಆ ಧಾರೆಗೆ ‘ನಿಶಿತಾ’ ಎಂಬ ವಿಶೇಷಣವನ್ನು ಕೊಟ್ಟಿದೆ. ಮಸೆಯಲ್ಪಟ್ಟದ್ದು ಎಂದು ಅದರ ಅರ್ಥ. ಮಸೆದ ಧಾರೆ ಇದ್ದಲ್ಲಿ ಮಸೆಯುವ ಕಲ್ಲೂ ಇದ್ದಿರಲೇಬೇಕಷ್ಟೆ.

ಕಲ್ಲಿಗೆ ಕಲ್ಲನ್ನು ಉಜ್ಜುವ ಕಲೆಯಾದರೋ ಲೋಹಕ್ಕಿಂತಲೂ ಹಳೆಯದು. ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನರು ಡಾಲರೈಟ್ ಎಂಬ ಕರಿಗಲ್ಲಿನ ಕೊಡಲಿಗಳನ್ನು ಬಂಡೆಗಳ ಮೇಲೆ ಉಜ್ಜಿ ಹರಿತಗೊಳಿಸುತ್ತಿದ್ದರು. ಸಾವಿರಾರು ವರ್ಷಗಳು ಕಳೆದರೂ ಹಾಗೆ ಉಜ್ಜಿದ ತೋಡುಗಳು ಅಲ್ಲಿಯ ಬಂಡೆಗಳ ಮೇಲೆ ಕಾಣುತ್ತವೆ.

ಕೊಡಲಿಗೆ ಒದಗುವ ಕಲ್ಲು ಕ್ಷೌರದ ಕತ್ತಿಗೆ ಒದಗದು. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ನೀಲಗಿರಿಯಲ್ಲಿಯೂ ಮುಖ್ಯವಾಗಿರುವ ಶಿಲೆಗೆ ಭೂವಿಜ್ಞಾನಿಗಳು ಚಾರ್ನೊಕೈಟ್ ಎನ್ನುವರು. ಅದರಲ್ಲಿ ಬೆಣಚು ಮೊದಲಾದ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದಪ್ಪ. ಮಚ್ಚು ಕುಡುಗೋಲುಗಳನ್ನು ಅದರ ಮೇಲೆ ತಿಕ್ಕಿಕೊಳ್ಳಬಹುದು. ಕ್ಷೌರದ ಕತ್ತಿಯನ್ನೆಳೆದರೆ ಅದರ ಬಾಯಿ ಗರಗಸವಾದೀತು. ಬೆಟ್ಟದಷ್ಟು ಕಲ್ಲಿದ್ದರೂ ಬೇಕಾದ ಕಲ್ಲನ್ನು ಹೊರಗಿನಿಂದ ತರಬೇಕಾದುದು ಹೀಗೆ.

ಆ ಹಿರಿಯರು ನಮಗೆ ಹೇಳಿದ ಲಕ್ಷಣಗಳು ಇವು. ಕಲ್ಲಿನ ಕಣ ನುಣ್ಣಗೂ ಒಂದೇ ಸಮನಾಗಿಯೂ ಇರಬೇಕು. ನೂರು ಸಣ್ಣ ಕಣಗಳ ನಡುವೆ ಒಂದೇ ಒಂದು ಒರಟು ಕಣವಿದ್ದರೂ ಅಲಗಿಗೆ ಗೀರು ತಪ್ಪದು. ಆದುದರಿಂದ ಕಲ್ಲನ್ನು ನೆನೆಸಿ, ಉಗುರಿನ ತುದಿಯನ್ನು ಮೆಲ್ಲನೆ ಹಾಯಿಸಿ ನೋಡಬೇಕು. ಬೆರಳಿನಿಂದ ತಟ್ಟಿದರೆ ಗಟ್ಟಿ ದನಿ ಬರಬೇಕು. ಬೊಳ್ಳನೆ ಕೇಳಿಸಿದರೆ ಒಳಗೆ ಸೀಳಿರಬಹುದು. ಕತ್ತಿಯ ಬೆನ್ನೂ ಬಾಯಿಯೂ ಏಕಕಾಲಕ್ಕೆ ಕಲ್ಲಿನ ಮೇಲೆ ಕೂರಬೇಕಾದುದರಿಂದ ಮೈ ಸಮತಲವಾಗಿರಬೇಕು. ನಡುವೆ ತಗ್ಗಾದರೆ ಮತ್ತೊಂದು ಚಪ್ಪಟೆ ಕಲ್ಲಿನ ಮೇಲೆ ಉಜ್ಜಿ ಸರಿಪಡಿಸಬೇಕು. ಒಂದು ಕಲ್ಲು ಬಾಯಿಯನ್ನು ತಿದ್ದಲು. ಅದಕ್ಕಿಂತ ನುಣ್ಣನೆಯದು ಹದಗೊಳಿಸಲು. ಕೊನೆಗೆ ಚರ್ಮದ ಪಟ್ಟಿ. ಕಲ್ಲಿನ ಮೇಲೆ ಬಾಯಿ ಮುಂದು, ಪಟ್ಟಿಯ ಮೇಲೆ ಬೆನ್ನು ಮುಂದು. ಕ್ರಿ.ಶ. 1ನೆಯ ಶತಮಾನದ ರೋಮಿನ ಪ್ಲಿನಿಯೂ ತನ್ನ ಗ್ರಂಥದಲ್ಲಿ ಎಣ್ಣೆಯ ಕಲ್ಲು, ನೀರಿನ ಕಲ್ಲು ಎಂದು ವಿಂಗಡಿಸಿ, ಕ್ಷೌರದಂಗಡಿಯ ಕಲ್ಲನ್ನು ಬೇರೆಯಾಗಿಯೇ ಹೇಳಿರುವನು.

ಮಸೆಯುವ ಶಿಲೆಗಳ ಪೈಕಿ ನಮ್ಮ ನಾಡಿಗೆ ಕೀರ್ತಿ ತಂದುದು ಕುರುಂದ. ಕಾಠಿಣ್ಯದಲ್ಲಿ ವಜ್ರದ ತರುವಾಯದ ಸ್ಥಾನ ಅದರದು. ಕಾಂಗೇಯದ ಬಳಿಯ ಶಿವನ್‌ಮಲೆಯಲ್ಲಿ ಅದು ದೊರೆಯುತ್ತದೆ. ಆ ಊರೂ ನಮ್ಮ ತಾಳವಾಡಿಯೂ ಹಿಂದೆ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ಕುರುಂದದ ಪುಡಿಯನ್ನು ಕರಗಿಸಿದ ಅರಗಿನಲ್ಲಿ ಕಲಸಿ ಸಾಣೆಚಕ್ರಗಳನ್ನು ಮಾಡುವುದು ಭಾರತದ ಹಳೆಯ ವಿದ್ಯೆ. ಈ ತಮಿಳು ಹೆಸರೇ ಇಂಗ್ಲಿಷಿನಲ್ಲಿ ‘ಕೊರಂಡಮ್’ ಆಯಿತು. 1891ರಲ್ಲಿ ಅಮೆರಿಕದ ಅಚೆಸನ್ ಕುಲುಮೆಯಲ್ಲಿ ಹೊಸ ಸಾಣೆವಸ್ತುವನ್ನು ಪಡೆದು ‘ಕಾರ್ಬೊರಂಡಮ್’ ಎಂದು ಕರೆದನು. 1954ರಲ್ಲಿ ಆ ಹೆಸರನ್ನು ಹೊತ್ತ ಉದ್ಯಮವು ಮದರಾಸಿನಲ್ಲಿಯೇ ಸ್ಥಾಪಿತವಾಯಿತು. ಶಬ್ದವೊಂದು ಕಡಲನ್ನು ದಾಟಿ ತವರಿಗೆ ಮರಳಿದ ಬಗೆ ಇದು.

ಕಲ್ಲನ್ನು ಬಲ್ಲ ಕೈಗೆ ಸಮಾಜವು ಕೊಟ್ಟ ಮನ್ನಣೆಯಾದರೋ ಅಲ್ಪ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ಅಳಿಯ ರಾಮರಾಯನು ಕೊಂಡೋಜನೆಂಬ ನಾವಿದನನ್ನು ಮೆಚ್ಚಿ, ನಾವಿದರ ಮೇಲಿನ ತೆರಿಗೆಗಳನ್ನು ಬಿಡಿಸಿದುದಕ್ಕೆ ಬಾದಾಮಿಯೇ ಮೊದಲಾದ ಕಡೆಗಳ ಶಾಸನಗಳು ಸಾಕ್ಷಿಯಾಗಿವೆ. ಇಂತಹ ಗೌರವ ಅಪವಾದವೆಂದೇ ಹೇಳಬೇಕು. ಶುಭಕಾರ್ಯಗಳಿಗೆ ಕ್ಷೌರಿಕನನ್ನು ಕರೆದ ಊರುಗಳೇ ಅವನನ್ನು ಕೀಳೆಂದು ಕಂಡವು. ಅದೇ ಊರುಗಳಲ್ಲಿ ಆ ಕತ್ತಿ ದಲಿತರ ಗಲ್ಲಕ್ಕೆ ತಾಗಕೂಡದೆಂಬ ಕಟ್ಟಳೆಯೂ ಇತ್ತು. ದಕ್ಷಿಣ ಆಫ್ರಿಕದಲ್ಲಿ ಬಿಳಿಯ ಕ್ಷೌರಿಕನೊಬ್ಬನು ತಮಗೆ ಕ್ಷೌರ ಮಾಡಲೊಪ್ಪದಿದ್ದಾಗ ಗಾಂಧೀಜಿಯವರು ಅವನನ್ನು ದೂಷಿಸಲಿಲ್ಲ. ನಮ್ಮ ನಾಡಿನ ಈ ಪಾಪವನ್ನೇ ನೆನೆದುದಾಗಿ ಆತ್ಮಕಥೆಯಲ್ಲಿ ಬರೆದಿರುವರು. ಅಲಗನ್ನು ಮಸೆದ ನಾವು ವಿವೇಕವನ್ನು ಮಸೆಯಲಿಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಜಿಲೆಟ್ಟನ ಬಿಸಾಡುವ ಬ್ಲೇಡು 1903ರಲ್ಲಿ ಮಾರಾಟಕ್ಕೆ ಬಂದಿತು. ಏಡ್ಸಿನ ಅಂಜಿಕೆ ಹಬ್ಬಿದ ಮೇಲೆ ಪ್ರತಿಯೊಬ್ಬರಿಗೂ ಹೊಸ ಬ್ಲೇಡೆಂಬ ಪದ್ಧತಿ ಅಂಗಡಿಗಳಲ್ಲಿ ನೆಲೆಗೊಂಡಿತು. ಆರೋಗ್ಯದ ದೃಷ್ಟಿಯಿಂದ ಇದು ಉಚಿತವೇ ಸರಿ. ಹಳೆಯ ಕತ್ತಿ ಮರಳಿ ಬರಲೆಂದು ನಾವು ಹಂಬಲಿಸುವುದಿಲ್ಲ. ಆದರೆ ಕತ್ತಿಯೊಡನೆ ಕಲ್ಲೂ, ಕಲ್ಲಿನೊಡನೆ ಅದರ ನುಡಿಗಳೂ ಮರೆಯಾಗುತ್ತಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಅತ್ತ ಸೇರಿತು. ನಾವು ಇತ್ತ ಉಳಿದೆವು. ಗಡಿಯಲ್ಲಿ ಭಾಷೆಯು ಶಾಲೆಯ ಪುಸ್ತಕದಿಂದ ಮಾತ್ರ ಬದುಕಲಾರದು. ಕಸುಬಿನ ಬಾಯಿಂದಲೂ ಅದಕ್ಕೆ ಅನ್ನ ಬೇಕು. ಮೊಂಡು, ಹರಿತ, ಹದ, ಅಲಗು, ಮಸೆ ಎಂಬ ಮಾತುಗಳನ್ನು ನಾವು ನಿಘಂಟಿನಲ್ಲಿ ಓದಿ ಕಲಿತೆವು. ಆ ಹಿರಿಯರು ಕೈಯಿಂದ ಕಲಿತಿದ್ದರು.

ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕ್ಷೌರಿಕರು, ಕಮ್ಮಾರರು, ಬಡಗಿಗಳ ಬಳಿ ವಿನಯದಿಂದ ಕುಳಿತು ಇಂತಹ ನುಡಿಗಳನ್ನು ಬರೆದಿಟ್ಟುಕೊಳ್ಳಲಿ. ಸಂಘವು ಅವನ್ನು ಸಂಗ್ರಹಿಸಲಿ. ತಿಗನಾರೆಯ ಆ ಕಲ್ಲು ಇನ್ನು ಕತ್ತಿಯನ್ನು ಕಾಣದಿರಬಹುದು. ಅದನ್ನು ಆರಿಸಿದ ಅರಿವಾದರೂ ನಮ್ಮ ಮಕ್ಕಳಿಗೆ ಉಳಿಯಲೆಂಬುದು ನಮ್ಮ ಹಾರೈಕೆ.